ಒಲೆ ಹಚ್ಚದ ಮಧ್ಯಾಹ್ನ

ಇವತ್ತು ಒಲೆ ಹಚ್ಚುವಂತಿಲ್ಲ ಅಂದವನು ಫಿರ್ಮಿನು,
ನಮ್ಮ ಶಾಲೆಯ ಜವಾನ, ಬೀಗದ ಗೊಂಚಲು ಕುಲುಕುತ್ತ.
ಮೂವತ್ತೊಂದು ವರ್ಷ ಉರಿಯ ಮುಂದೆ ನಿಂತವಳಿಗೆ
ಬೀಳ್ಕೊಡುವ ದಿನವೂ ಹೊಗೆ ಯಾಕೆ?
ನಿಜ ಹೇಳಬೇಕೆಂದರೆ
ಜುಲ್ಮೀರಾಳ ಒಲೆಗೆ ಕಡ್ಡಿ ಗೀರುವ ಧೈರ್ಯ
ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹಾಗಾಗಿ ಬೆಂಕಿ ಬೇಡದ್ದನ್ನೆಲ್ಲ ಕೂಡಿಹಾಕಿದೆವು.
ಅಷ್ಟು ದೊಡ್ಡ ತಟ್ಟೆ ಒಲ್ಯಾಂವ್ ಬಂದರಿನಲ್ಲೇ ಇಲ್ಲ;
ಉಗ್ರಾಣದ ಹಳೇ ಕಪಾಟಿನ ಬಾಗಿಲು ಕಳಚಿ
ಉಪ್ಪು ಹಾಕಿ ಉಜ್ಜಿ, ನಿಂಬೆಹೋಳು ಸವರಿ
ಬಿಸಿಲಿಗೆ ಒಣಗಿಟ್ಟವಳು ನಾನು.
ಹಿಡಿಕೆ ಅದರಲ್ಲೇ ಉಳಿಯಿತು.
ಯಾರಾದರೂ ಎಳೆದರೆ
ಊಟದೊಳಗೊಂದು ಕೋಣೆ ತೆರೆದೀತು ಅನ್ನುವ ಹಾಗೆ.

ಮೊದಲು ಚೀಸು, ಆಡಿನ ಹಾಲಿನದು,
ಗುಡ್ಡದಾಚೆಯ ಅರ್ಲಿಂದು ಕೊಟ್ಟದ್ದು.
ಅವನ ಮೂವರು ಮಕ್ಕಳೂ ಜುಲ್ಮೀರಾಳ ಸೂಪು ಕುಡಿದೇ
ಅವನಿಗಿಂತ ಎತ್ತರ ಬೆಳೆದವರು.
ದುಡ್ಡಿನ ಮಾತೆತ್ತಿದ್ದಕ್ಕೆ, ನಾಯಿ ಬಿಡ್ತೇನೆ ನೋಡು ಅಂದ.

ಒಣ ಅಂಜೂರದ ಹೊಟ್ಟೆ ಸೀಳಿ, ಒಳಗೊಂದು ಬಾದಾಮಿ.
ಅದು ಗ್ರಾಸಿಯೇಟಳ ಪಾಲಿನ ಕೆಲಸ,
ನಾಲ್ಕಕ್ಕೊಂದು ಅವಳ ಬಾಯಿಗೆ.
ಕಿತ್ತಳೆ ತೊಳೆ. ಹೆಚ್ಚಿದ ಟೊಮ್ಯಾಟೊ.
ಬ್ರೆಡ್ಡಿಗೂ ಬೆಂಕಿ ಬೇಕಲ್ಲವಾ ಅಂತ ಯಾರೋ ತೆಗೆದರು ತಕರಾರು.
ಅದು ಬೇಕರಿಯವನ ಪಾಪ, ನಮ್ಮದಲ್ಲ.

ಆಮೇಲೆ ಡಬ್ಬಿಗಳು, ಹದಿನೆಂಟು.
ಮುಚ್ಚಳ ಸುರುಳಿ ಸುತ್ತಿದರೆ ಎಣ್ಣೆಯಲ್ಲಿ
ತಲೆಯಿಲ್ಲದೆ ಒತ್ತೊತ್ತಾಗಿ ಮಲಗಿದ ಬೂತಾಯಿ.
ಒಂದು ಕಾಲಕ್ಕೆ ಈ ಊರ ಹೆಂಗಸರೆಲ್ಲ ತುಂಬಿದ ಡಬ್ಬಿ;
ನಡುರಾತ್ರಿ ಕಾರ್ಖಾನೆ ಕೂಗಿದರೆ ಹಾಸಿಗೆಯಿಂದೆದ್ದು ಓಡಿದವರಲ್ಲಿ
ಜುಲ್ಮೀರಾಳ ಅವ್ವನೂ ಒಬ್ಬಳು,
ಬೆರಳ ತುದಿಯೊಂದನ್ನು ಅಲ್ಲೇ ಬಿಟ್ಟು ಬಂದವಳು.
ಈ ಸಾಲನ್ನು ನಾನು ತಟ್ಟೆಯ ಅಂಚಿಗೆ ಜೋಡಿಸಿದೆ,
ಮಾತಿಲ್ಲದೆ.

ಉಪ್ಪುನೀರಲ್ಲಿ ನೆನೆದ ತ್ರಿಮೋಸು ಕಾಳು, ಹಳದಿ ಹಳದಿ,
ತುದಿ ಕಚ್ಚಿ ಹಿತುಕಿದರೆ
ಸಿಪ್ಪೆ ಬೆರಳಲ್ಲಿ, ಕಾಳು ನಾಲಗೆ ಮೇಲೆ.
ಒಂದೊಂದು ಎದುರಿಗೆ ಕೂತವರ ಕನ್ನಡಕಕ್ಕೆ.

ನಟ್ಟನಡುವೆ ಆಲಿವ್ ಗುಡ್ಡೆ.
ಜಜ್ಜಿದ್ದು, ಬೆಳ್ಳುಳ್ಳಿ ಬೆರೆಸಿದ್ದು, ಒಂದು ಪಾತ್ರೆ ಪೂರ್ತಿ.
ಯಾಕೆಂದರೆ ಪ್ರತಿ ಮಗುವಿನ ತಟ್ಟೆಗೂ ಮೂರು ಹಾಕಿ
ಸೊಂಟಕ್ಕೆ ಕೈಯಿಟ್ಟು ಜುಲ್ಮೀರಾ ನಿಲ್ಲುತ್ತಿದ್ದಳು:
ತಿನ್ನು, ಬೀಜ ಎಣಿಸ್ತೇನೆ.
ನಾನೂ ಎಣಿಸಿಕೊಟ್ಟವಳೇ, ಏಳನೇ ವಯಸ್ಸಿನಲ್ಲಿ.

ಬಂದಳು. ಯಾರೂ ಕಂಡಿರದ ನೀಲಿ ಫ್ರಾಕು.
ಏಪ್ರನ್ ಇಲ್ಲದೆ ಅವಳ ಕೈಗಳಿಗೆ
ಎಲ್ಲಿರಬೇಕೋ ತಿಳಿಯಲಿಲ್ಲ.
ಕೂತ್ಕೊ ಅಂದೆವು.
ಅಂದಮೇಲೆ ಸುತ್ತ ನೋಡಿದೆವು.
ಈ ಅಡುಗೆಮನೆಗೆ ಕುರ್ಚಿ ಅನ್ನುವುದು
ಒಂದು ದಿನವೂ ಬಂದಿರಲಿಲ್ಲ.

ಫಿರ್ಮಿನು ಓಡಿ ಹೋಗಿ ತಂದದ್ದು
ಒಂದನೇ ತರಗತಿಯ ಕೆಂಪು ಕುರ್ಚಿ.
ಕೂತಳು. ಮೊಣಕಾಲು ಎದೆಗೆ,
ಕಪಾಟಿನ ಬಾಗಿಲು ಗಲ್ಲಕ್ಕೆ,
ಕಣ್ಣಿನ ಮಟ್ಟಕ್ಕೆ ಆಲಿವ್ ಗುಡ್ಡೆ.
ಗ್ರಾಸಿಯೇಟ ಸುಮ್ಮನಿರುವವಳಾ,
ಮೂರು ಹೆಕ್ಕಿ ಮುಂದಿಟ್ಟು, ಸೊಂಟಕ್ಕೆ ಕೈ:
ತಿನ್ನು, ಬೀಜ ಎಣಿಸ್ತೇನೆ.

ಜುಲ್ಮೀರಾ ಅವನ್ನು ನೋಡಿದಳು,
ನಮ್ಮನ್ನು ನೋಡಿದಳು,
ಕಿಟಕಿಗೆ ಅಂಟಿಕೊಂಡ ಮೂಗುಗಳನ್ನು ನೋಡಿದಳು.
ದನಿ ತಗ್ಗಿಸಿ,
ನನಗದು ಸೇರೋದಿಲ್ಲ ಕಣೇ. ಹುಟ್ಟಿದಾಗಿಂದ.

ಫಿರ್ಮಿನು ಬೀಗದ ಗೊಂಚಲು ಬೀಳಿಸಿದ.

ನನಗೂ! ಅಂದಿತು ಕಿಟಕಿಯಿಂದೊಂದು ದನಿ,
ಮುಂದಿನ ಹಲ್ಲಿಲ್ಲದ್ದು.

ಬಾ ಇಲ್ಲಿ, ಅಂದಳು.
ಅಷ್ಟೇ ಅಗಲದ ಕುರ್ಚಿಯಲ್ಲಿ
ಹೇಗೋ ಅರ್ಧ ಸರಿದು ಕೂತಳು.