ಕಾಯ್ತಾನ್ ಅಜ್ಜನ ಹೆಸರಿಗೆ

ಮಡಗಾಂವದ ಕೃಷಿ ಕಚೇರಿ ಎದುರಿಗೆ ನಂದೊಂದು ಝೆರಾಕ್ಸ್ ಡಬ್ಬಿ.
ಚಿಂಚಿಣಿಯ ಪಿಯೆದಾದ್ ಬಾಯಿ
ನಾಕನೇ ಸಲ ಬಂದಾಳ, ಬಗಲಾಗ ಕಾಗದದ ಚೀಲ.
"ಭತ್ತಕ್ಕ ಸರಕಾರದವ್ರು ಕೊಡೂದು ಎಷ್ಟಂದಿ?"
ಮತ್ತ ಹೇಳತೀನಿ. ಮತ್ತ ಬೆರಳು ಮಡಚತಾಳ.

ಗದ್ದಿ ಇನ್ನೂ ಆಕಿ ಗಂಡನ ಅಜ್ಜನ ಹೆಸರಿಲೆ ಐತಿ.
ಅಂವ ಕಾಯ್ತಾನ್. ಅವನ ಕೆಳಗ ಹನ್ನೊಂದು ಪಾಲು:
ವಾಸ್ಕೋದಾಗೊಬ್ಬ ಹಲ್ಲಿನ ಡಾಕ್ಟರ್,
ಕಾನ್ವೆಂಟಿನಾಗೊಬ್ಬಾಕಿ ಸಿಸ್ಟರ್,
ಇಬ್ಬರು ಮಾತು ಬಿಟ್ಟವರು,
ಅವರ ಸಹಿಗೆ ಬ್ಯಾರೆ ಬ್ಯಾರೆ ಹಾಳಿ.
ಹತ್ತು ಆದವು. ಹನ್ನೊಂದನೆಯಂವ
ಹಡಗಿನಾಗ ಅಡಗಿ ಮಾಡಾಂವ,
ಈಗ ಯಾವ ಸಮುದ್ರದ ಮ್ಯಾಲ ಉಳ್ಳಾಗಡ್ಡಿ ಹೆಚ್ಚಾಕತ್ತಾನೋ.

ಭರತಿ ಏರಿದ ರಾತ್ರಿ
ಬ್ಯಾಟರಿ ಹಲ್ಲಿನಾಗ ಕಚ್ಚಿ
ಬಾಂದಿನ ತೂಬಿಗೆ ಹಲಗಿ ಇಳಿಸಾಕಿ ಈಕಿ ಒಬ್ಬಾಕಿನ.
ಉಪ್ಪುನೀರು ಯಾರ ಸಹಿ ಕೇಳತೈತಿ?

ಫಾರ್ಮಿನಾಗೊಂದು ಖಾನೆ: ಸಾಗುವಳಿ ಮಾಡುವವರು.
ನಾ ಆಕಿ ಹೆಸರು ಬರದೆ.
ಕಚೇರಿಯಾಂವ ಕೆಂಪು ಪೆನ್ನಿಲೆ ಗೀಟು ಹೊಡದ.
ಮತ್ತೊಂದು ಫಾರ್ಮ್ ತಂದು ಮತ್ತ ಬರದೆ.

ಕೊಯ್ಲು ಮುಗದು ಬಾತುಕೋಳಿ ಗದ್ದಿಗೆ ಇಳದ ಮ್ಯಾಲ
ಆಕಿ ಫೋನಿಗೆ ಮೆಸೇಜ್ ಬಂತು. ನಾನ ಓದಿದೆ:
"ಪ್ರಿಯ ರೈತ ಕಾಯ್ತಾನ್, ನಿಮ್ಮ ಸಹಾಯಧನ ಮಂಜೂರಾಗಿದೆ.
ಖಾತೆ ಸಿಗದ ಕಾರಣ ಮೊತ್ತ ಹಿಂತಿರುಗಿದೆ."

ಪಿಯೆದಾದ್ ಬಾಯಿ ಸುಮ್ಮನ ನಿಂತಳು,
ಆಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕಳು.
"ಪಾಪ, ಮುದಕಪ್ಪ! ಅಲ್ಲೂ ಯಾರದೋ ಸಹಿ ಕಡಿಮಿ ಬಿದ್ದೈತಿ."
ಕಣ್ಣು ಒರಸಿಕೊಂಡು
ಫೋನು ನನ್ನ ಮುಂದ ನೂಕಿ ಅಂದಳು:
"ತಗಿ, ಇದರದೂ ಎರಡು ಝೆರಾಕ್ಸು."