ಬಸ್ಸಿನ ಬೆನ್ನಿಗೆ

ನನ್ನ ಬಸ್ಸಿನ ಬೆನ್ನಿಗೆ ಅವಳ ಮುಖ.
ಕದೊವಾಕಿ ಮಿಚಿರು, ನಲವತ್ತೆಂಟು ಕೆಜಿ,
ಟೂತ್‌ಪೇಸ್ಟ್ ಹಿಡಿದು ನಗುತ್ತಾಳೆ
ಹಿಂದೆ ಬರುವ ಕಾರುಗಳಿಗೆಲ್ಲ.
ನನಗೆ ಕಾಣುವುದಿಲ್ಲ. ನಾನು ಮುಂದೆ ಕೂತವನು.

ಯೊನಾಗೊ ಸ್ಟೇಷನ್ನಿನಿಂದ ಬಂದರಿಗೆ
ದಿನಕ್ಕೆ ಆರು ಸಲ ಅವಳನ್ನು ಹೊತ್ತು ಹೋಗುತ್ತೇನೆ.
ಒಂಬತ್ತನೇ ವಯಸ್ಸಿನಲ್ಲಿ ಅವಳೇ ನನ್ನನ್ನು ಹೊತ್ತು,
ಸೊಂಟದ ಮೇಲೆ ತಿರುಗಿಸಿ
ಚಾಪೆಗೆ ಬಡಿದಿದ್ದಳು. ಇಪ್ಪೊನ್!
ಹೋದ ಉಸಿರು ವಾಪಸು ಬರಲು ಹೊತ್ತು ಹಿಡಿಯಿತು.
ಮೀನಂಗಡಿಯ ನನ್ನಮ್ಮ ಅದನ್ನೇ ಈಗ
ಗಿರಾಕಿಗಳಿಗೆ ಹೇಳಿಕೊಳ್ಳುತ್ತಾಳೆ:
"ಮಿಚಿರು ಮೊದಲು ಎತ್ತಿ ಒಗೆದದ್ದು ನಮ್ಮ ಹುಡುಗನನ್ನೇ."

ಚಿತ್ರದಲ್ಲಿ ಅವಳ ಕಿವಿ ನುಣುಪು.
ಯಾರೋ ತಿದ್ದಿದ್ದಾರೆ.
ನಿಜದ ಕಿವಿ, ಚಾಪೆಗೆ ಉಜ್ಜಿ ಉಜ್ಜಿ,
ನಾದಿ ಮರೆತ ಹಿಟ್ಟಿನ ಮುದ್ದೆ.

ಪದಕ ಬಂದ ವರ್ಷ ಪೇಟೆಬೀದಿಯುದ್ದಕ್ಕೂ ಬ್ಯಾನರು,
ಬೇಕರಿಯಲ್ಲಿ ಅವಳ ಹೆಸರಿನ ಬನ್ನು,
ಶಾಲೆಯ ಹುಡುಗಿಯರಿಗೆಲ್ಲ ಅವಳದೇ ಮೋಟು ಕೂದಲು.
ಮುಂದಿನ ಸಲ ಎರಡನೇ ಸುತ್ತು. ಮೊಣಕಾಲು.
ಶುಕ್ರವಾರ ಬ್ಯಾನರು ಇಳಿಯಿತು.
ಟೂತ್‌ಪೇಸ್ಟ್ ಉಳಿಯಿತು, ಕರಾರು ಮಾರ್ಚ್‌ವರೆಗೆ.

ಫೆಬ್ರವರಿಯ ಒಂದು ರಾತ್ರಿ, ಕೊನೆಯ ಟ್ರಿಪ್ಪು.
ಟೋಪಿ, ಮಾಸ್ಕು, ಕುಂಟುಹೆಜ್ಜೆ.
ಖಾಲಿ ಬಸ್ಸಿನಲ್ಲಿ ಹಿಂದಿನ ಸೀಟಿಗೇ ಹೋಗಿ ಕೂತಳು
ತನ್ನ ನಗುವಿಗೆ ಬೆನ್ನು ಕೊಟ್ಟು.
ನಡುವೆ ಒಂದು ತಗಡು.

ಇಳಿಯುವಾಗ ಚಿಲ್ಲರೆ ಎಣಿಸಿ ಹಾಕಿದಳು,
ಕನ್ನಡಿಯಲ್ಲಿ ನನ್ನನ್ನೇ ನೋಡಿ ಕೇಳಿದಳು:
"ನಿನ್ನ ಬಲಗಾಲು ಈಗಲೂ ತಡವಾಗಿ ಬರುತ್ತದಾ?"

ಬ್ರೇಕಿನ ಮೇಲಿತ್ತು ಬಲಗಾಲು.
ಬಾಗಿಲು ಹಾಕುವುದು ಮರೆತೇಹೋಗಿ
ಹಿಮ ಒಳಗೆ ಬಂತು.