ಕೆಳಗಿನ ಮನೆಯವನು

ಗೋರ್ಲಿಟ್ಸ್ ಊರು, ಮೂರನೆಯ ಮಹಡಿ, ಫೆಬ್ರವರಿ.
ಕೈಗವಸಿನ ಬೆರಳ ತುದಿ ಕತ್ತರಿಸಿಕೊಂಡು
ಪಿಯಾನೋ ಮುಂದೆ ಕೂತಿದ್ದಾನೆ ಓಟ್ಮಾರ್.
ರೋಸ್ವಿತಾ ನಿಂತೇ ಹಾಡುವವಳು,
ಒಂದು ಕೈ ಪಿಯಾನೋದ ಮೇಲೆ,
ಹಸುಗೂಸಿನ ಬೆನ್ನ ಮೇಲಿಟ್ಟ ಹಾಗೆ.

ಕೆಳಗೆ ಬೇಕರಿಯ ಕ್ರಾಲ್.
ರಾತ್ರಿಯಿಡೀ ಹಿಟ್ಟು ನಾದಿ ಹಗಲು ಮಲಗುವವನು.
ಅವಳ ದನಿ ತಾರಕ್ಕೆ ಏರಿದ್ದೇ ತಡ
ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಾನೆ:
ಧಡ್, ಧಡ್. ಅದೂ ತಾಳ ತಪ್ಪಿ.

ಇವತ್ತು ಜೋಗುಳ.
ಎಡಗೈಗೆ ಎರಡೇ ಮನೆ, ಅತ್ತ, ಇತ್ತ,
ಹಗ್ಗ ಎಳೆದು ಬಿಟ್ಟಂತೆ, ಎಳೆದು ಬಿಟ್ಟಂತೆ.
ಬಲಗೈಯ ದಾರಿಯಲ್ಲೊಂದು ಕಪ್ಪು ಮನೆ
ಚಳಿಗೆ ಹಿಡಿದುಕೊಂಡಿದೆ, ಒತ್ತಿದರೆ ಮೇಲೇಳದು.
ಅಲ್ಲಿಗೆ ಬಂದಾಗ ಅವನು ಸುಮ್ಮನಾಗುತ್ತಾನೆ.
ತೊಟ್ಟಿಲೂ ಒಂದು ಗಳಿಗೆ ನಿಲ್ಲುತ್ತದೆ.

ಎರಡನೆಯ ಚರಣ. ಅವಳ ಕಿವಿಯೆಲ್ಲ ನೆಲದ ಕಡೆಗೆ.
ಪೊರಕೆ ಏಳಲಿಲ್ಲ.
ಮಲಗಿದನೋ,
ಇಲ್ಲಾ ಸೂರು ನೋಡುತ್ತ ಬಿದ್ದಿದ್ದಾನೋ,
ಹಿಟ್ಟು ಮೆತ್ತಿದ ಕೈಯೆರಡನ್ನೂ ಎದೆಯ ಮೇಲಿಟ್ಟುಕೊಂಡು.

ಹಾಡು ಮುಗಿಯಿತು.
ಓಟ್ಮಾರ್ ಪುಟ ತಿರುವಲು ಹೋದ.
ರೋಸ್ವಿತಾ ತುಟಿಗೆ ಬೆರಳಿಟ್ಟಳು,
ಬೂಟು ಕಳಚಿ ಗೋಡೆಗೆ ಒರಗಿಸಿದಳು.
'ಮೊದಲಿಂದ' ಅಂದಳು,
ಉಸಿರಿನಲ್ಲೇ.